ಯುದ್ಧ ಅವರ ನೆಲದ್ದು, ಕಥೆ ಇವರದು

ಎಲ್ಲಾದರೂ ಯುದ್ಧ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ‘ಟಿವಿ ನೋಡಿ ತಲೆ ಕೆಟ್ಟಿದೆ. ಆ ದೇಶದ ಬಗ್ಗೆ ಒಂದು ಒಳ್ಳೆಯ ಕಾದಂಬರಿ ಇದ್ದರೆ ಹೇಳಿ, ಓದಿ ಅರ್ಥ ಮಾಡಿಕೊಳ್ಳುತ್ತೇನೆ.’ ಉಕ್ರೇನ್ ಆದಾಗ ಕೇಳಿದರು, ಗಾಜಾ ಆದಾಗ ಕೇಳಿದರು. ಸರ್ಕಾರ ಸುಳ್ಳು ಹೇಳಬಹುದು, ಪತ್ರಿಕೆ ಪಕ್ಷ ವಹಿಸಬಹುದು, ಕಾದಂಬರಿ ಮಾತ್ರ ಮನುಷ್ಯರ ಪರ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ನನಗೆ ಆ ನಂಬಿಕೆ ಅರ್ಧ ಮಾತ್ರ ಇದೆ. ಮನುಷ್ಯರ ಪರ ಹೌದು, ಆದರೆ ಯಾವ ಮನುಷ್ಯರ ಪರ? ಇದನ್ನು ನೋಡಲು ವಿಯೆಟ್ನಾಂ ಒಳ್ಳೆಯ ಜಾಗ. ಯುದ್ಧ ಮುಗಿದು ಅರ್ಧ ಶತಮಾನ ದಾಟಿದೆ. ಯಾವ ಪುಸ್ತಕ, ಯಾವ ಸಿನಿಮಾ ಯಾರ ತಲೆಯಲ್ಲಿ ಏನು ಬಿತ್ತಿತು ಎಂಬುದನ್ನು ಈಗ ಸಾವಧಾನವಾಗಿ ನೋಡಬಹುದು.

ನಮ್ಮ ಭಾವ ಈಚೆಗೆ ಟೂರ್ ಪ್ಯಾಕೇಜಿನಲ್ಲಿ ವಿಯೆಟ್ನಾಮಿಗೆ ಹೋಗಿ ಬಂದರು. ಹೋ ಚಿ ಮಿನ್ ನಗರದ ಹೊರಗಿರುವ ಕು ಚಿ ಸುರಂಗಗಳ ಫೋಟೊ ತೋರಿಸುತ್ತ ‘ಥೇಟ್ ಸಿನಿಮಾದಲ್ಲಿ ಇದ್ದ ಹಾಗೇ ಇದೆ ಕಣಯ್ಯ’ ಎಂದರು. ಸುರಂಗ ತೋಡಿದ್ದು ಮೊದಲು, ಸಿನಿಮಾ ಬಂದದ್ದು ಆಮೇಲೆ. ಆದರೂ ಅವರ ಮಟ್ಟಿಗೆ ಸಿನಿಮಾವೇ ಅಸಲು, ಊರು ಅದರ ನಕಲು. ಭಾವನೊಬ್ಬರ ಕಥೆಯಲ್ಲ ಇದು. ವಿಯೆಟ್ನಾಂ ಕುರಿತ 1954ರ ಜಿನೀವಾ ಒಪ್ಪಂದ ಜಾರಿಯಾಗುತ್ತಿದೆಯೇ ಎಂದು ನೋಡಿಕೊಳ್ಳಲು ನೇಮಿಸಿದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ ದೇಶವಾಗಿತ್ತು. ನಮ್ಮ ಅಧಿಕಾರಿಗಳು, ಸೈನಿಕರು ಹನೋಯ್-ಸೈಗಾನ್‌ಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಕೋಲ್ಕತ್ತದಲ್ಲಿ ಅಮೆರಿಕದ ಕಾನ್ಸುಲೇಟ್ ಇರುವ ರಸ್ತೆಗೇ ಹೋ ಚಿ ಮಿನ್ ಹೆಸರಿಟ್ಟ ದೇಶ ನಮ್ಮದು. ಅಷ್ಟೆಲ್ಲ ಹತ್ತಿರದ ಪರಿಚಯವಿದ್ದೂ, ವಿಯೆಟ್ನಾಂ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕಣ್ಣಿಗೆ ಬರುವುದು ತಲೆಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಮೆಷಿನ್ ಗನ್ ಹಿಡಿದ ರ‍್ಯಾಂಬೊ, ಅಂದರೆ ಸಿಲ್ವೆಸ್ಟರ್ ಸ್ಟಾಲೋನ್. 2012ರಲ್ಲಿ ಶರಣ್ ನಾಯಕರಾಗಿ ಬಂದ ಹಾಸ್ಯಚಿತ್ರಕ್ಕೆ ‘ರ‍್ಯಾಂಬೊ’ ಎಂದು ಹೆಸರಿಟ್ಟಾಗ ಯಾರೂ ಯಾರಿಗೂ ಅದರ ಮೂಲ ವಿವರಿಸಬೇಕಾಗಲಿಲ್ಲ.

ಕಥೆ ತಲೆಯೊಳಗೆ ಹೀಗೆ ಮನೆ ಮಾಡುವುದು ಹೇಗೆ ಎಂದು ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದ್ದಾರೆ. 2000ದಲ್ಲಿ ಮೆಲನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ ಎಂಬ ಇಬ್ಬರು ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧ. ಕಥೆಯಲ್ಲಿ ಹೆಚ್ಚು ಮುಳುಗಿದ ಓದುಗರ ಅಭಿಪ್ರಾಯಗಳು ಕಥೆಯ ಕಡೆಗೆ ಹೆಚ್ಚು ವಾಲಿದ್ದವು. ಕಥೆಯಲ್ಲಿ ಸುಳ್ಳೆನಿಸುವ ಸಾಲುಗಳನ್ನು ಗುರುತು ಹಾಕಿ ಎಂದರೆ ಅವರು ಕಡಿಮೆ ಗುರುತು ಹಾಕಿದರು. ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಇದು ನಡೆದ ಘಟನೆ ಎಂದು ಮೊದಲೇ ಹೇಳಿದರೂ, ಕಟ್ಟುಕಥೆ ಎಂದು ಹೇಳಿದರೂ ಓದುಗರು ಮುಳುಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ‘ಇದರಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಒಕ್ಕಣೆ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬಂದೀತು, ತಲೆಯೊಳಗೆ ಬರುವುದಿಲ್ಲ.

ಪುಸ್ತಕ ಓದಿ ಪರದೇಶವನ್ನು ಅರ್ಥ ಮಾಡಿಕೊಳ್ಳಲು ಹೊರಟವನ ಕಥೆಯನ್ನೇ ಗ್ರಹಾಂ ಗ್ರೀನ್ 1955ರಲ್ಲಿ ಬರೆದರು. ‘ದಿ ಕ್ವಯಟ್ ಅಮೆರಿಕನ್’ ಕಾದಂಬರಿಯ ಪೈಲ್ ಎಂಬ ಅಮೆರಿಕದ ತರುಣ ಸೈಗಾನ್‌ಗೆ ಬರುವಾಗಲೇ ಯಾರ್ಕ್ ಹಾರ್ಡಿಂಗ್ ಎಂಬ ಲೇಖಕನ ಪುಸ್ತಕಗಳನ್ನು ಅರೆದು ಕುಡಿದಿರುತ್ತಾನೆ. ಫ್ರೆಂಚ್ ವಸಾಹತುಶಾಹಿಯೂ ಬೇಡ, ಕಮ್ಯುನಿಸ್ಟರೂ ಬೇಡ, ಇಬ್ಬರ ನಡುವೆ ಮೂರನೆಯ ಶಕ್ತಿಯೊಂದನ್ನು ಕಟ್ಟಬೇಕು ಎನ್ನುವುದು ಆ ಪುಸ್ತಕಗಳ ಸಾರ. ಪೈಲ್ ಒಳ್ಳೆಯವನು, ವಿನಯವಂತ, ಕೆಟ್ಟ ಉದ್ದೇಶ ಒಂದಿಷ್ಟೂ ಇಲ್ಲ. ಜನರಲ್ ಥೆ ಎಂಬ ಸೇನಾನಾಯಕನಲ್ಲಿ ಅವನು ತನ್ನ ಮೂರನೆಯ ಶಕ್ತಿಯನ್ನು ಕಾಣುತ್ತಾನೆ, ಅವನಿಗೆ ಸ್ಫೋಟಕದ ಸಾಮಗ್ರಿ ಒದಗಿಸುತ್ತಾನೆ. ಊರಿನ ಚೌಕದಲ್ಲಿ ಬಾಂಬ್ ಸಿಡಿದು ಹೆಂಗಸರು ಮಕ್ಕಳು ಸಾಯುತ್ತಾರೆ. ಜನರಲ್ ಥೆ ನಿಜವಾಗಿ ಇದ್ದವನು. 1952ರ ಜನವರಿ 9ರಂದು ಸೈಗಾನ್‌ನ ಹೃದಯಭಾಗದಲ್ಲಿ ಕಾರ್ ಬಾಂಬ್ ಸಿಡಿದದ್ದೂ ನಿಜ. ಅದರಲ್ಲಿ ಅಮೆರಿಕದವರ ಕೈಯಿತ್ತು ಎಂಬುದು ಗ್ರೀನ್ ಅವರ ಅನುಮಾನ, ಸಾಬೀತಾದ ಸಂಗತಿಯಲ್ಲ. ಆದರೆ ಕಾದಂಬರಿ ಓದಿದವರಿಗೆ ಅನುಮಾನ ಉಳಿಯುವುದಿಲ್ಲ, ಪೈಲ್‌ನ ಬೂಟಿಗೆ ಅಂಟಿದ ರಕ್ತವನ್ನು ಅವರು ನೋಡಿಬಿಟ್ಟಿರುತ್ತಾರೆ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. 1958ರಲ್ಲಿ ಜೋಸೆಫ್ ಮ್ಯಾಂಕಿವಿಚ್ ಇದನ್ನು ಸಿನಿಮಾ ಮಾಡಿದಾಗ ಕಥೆಯ ಬುಡವನ್ನೇ ತಿರುಗಿಸಿದರು. ಸಿನಿಮಾದಲ್ಲಿ ಪೈಲ್ ನಿರಪರಾಧಿ, ಬಾಂಬ್ ಕಮ್ಯುನಿಸ್ಟರದು, ಅವನನ್ನು ಅನುಮಾನಿಸಿದ ಇಂಗ್ಲಿಷ್ ಪತ್ರಕರ್ತ ಫೌಲರ್ ಕಮ್ಯುನಿಸ್ಟರ ಬಲೆಗೆ ಬಿದ್ದ ಮೂರ್ಖ. ಪೈಲ್ ಪಾತ್ರಕ್ಕೆ ಆರಿಸಿದ್ದು ಆಡಿ ಮರ್ಫಿಯನ್ನು, ಎರಡನೆಯ ಮಹಾಯುದ್ಧದಲ್ಲಿ ಎದೆ ತುಂಬ ಪದಕ ಗೆದ್ದ ಅಮೆರಿಕದ ಸೈನಿಕನನ್ನು. ಆಗ ವಿಯೆಟ್ನಾಂ ವ್ಯವಹಾರದಲ್ಲಿ ಅಮೆರಿಕದ ಗುಪ್ತಚರ ಮುಖವಾಗಿದ್ದ ಎಡ್ವರ್ಡ್ ಲ್ಯಾನ್ಸ್‌ಡೇಲ್ ನಿರ್ದೇಶಕರಿಗೆ ಪತ್ರ ಬರೆದು ಸಲಹೆ ಕೊಟ್ಟಿದ್ದರು. ಚಿತ್ರದ ಕೊನೆಯಲ್ಲಿ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಎನ್‌ಗೊ ದಿನ್ ದಿಯೆಮ್ ಅವರಿಗೆ ಕೃತಜ್ಞತೆ ಬೇರೆ. ಗ್ರೀನ್ ಕೆಂಡವಾದರು. ಒಂದೇ ಕಥೆ, ಅವೇ ಹೆಸರುಗಳು, ರಾಜಕೀಯ ಮಾತ್ರ ತಲೆಕೆಳಗು. 2007ರಲ್ಲಿ ಇರಾಕ್‌ನಿಂದ ಸೇನೆ ಹಿಂದೆಗೆಯಬಾರದು ಎಂದು ವಾದಿಸುತ್ತ ಜಾರ್ಜ್ ಬುಷ್ ಕೂಡ ತಮ್ಮ ಭಾಷಣದಲ್ಲಿ ಇದೇ ಕಾದಂಬರಿಯನ್ನು, ಇದೇ ಪೈಲ್‌ನನ್ನು ಎಳೆದು ತಂದರು. ಗ್ರೀನ್ ಆಗ ಇರಲಿಲ್ಲ. ಇದ್ದಿದ್ದರೆ ಇನ್ನೊಂದು ಕಾದಂಬರಿ ಆಗುತ್ತಿತ್ತೋ ಏನೋ.

ಗ್ರೀನ್ ಅವರ ಕಾದಂಬರಿಯನ್ನು ಇಂದಿಗೂ ಮೆಚ್ಚುತ್ತೇನೆ. ಅಮೆರಿಕದ ಸೇನೆ ದೊಡ್ಡ ಪ್ರಮಾಣದಲ್ಲಿ ಇಳಿಯುವುದಕ್ಕೆ ಹತ್ತು ವರ್ಷ ಮೊದಲೇ, ಸದುದ್ದೇಶದ ಅಜ್ಞಾನ ಎಂಥ ಅನಾಹುತ ಮಾಡೀತು ಎಂದು ತೋರಿಸಿದ ಪುಸ್ತಕ ಅದು. ಆದರೆ ಅದರಲ್ಲಿ ವಿಯೆಟ್ನಾಮಿನವರು ಎಲ್ಲಿದ್ದಾರೆ ಎಂದು ಹುಡುಕಿ ನೋಡಿ. ಫುವಾಂಗ್ ಎಂಬ ಹುಡುಗಿ ಇದ್ದಾಳೆ. ಇಂಗ್ಲಿಷಿನವನಿಗೂ ಅಮೆರಿಕದವನಿಗೂ ಬೇಕಾದವಳು. ಅಫೀಮಿನ ನಳಿಕೆ ಸಿದ್ಧಮಾಡಿ ಕೊಡುತ್ತಾಳೆ, ಹಾಲಿನ ಅಂಗಡಿಗೆ ಹೋಗಿ ಬರುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಫೌಲರ್‌ಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ಫೌಲರ್‌ಗೆ ಸುದ್ದಿಯ ಎಳೆ ಹುಡುಕಿ ಕೊಡುವ ಸಹಾಯಕ ಡೊಮಿಂಗೆಝ್ ನಮ್ಮವನು, ಭಾರತೀಯ. ಸುದ್ದಿ ತರುವವನು ಅವನು, ಕಥೆ ಹೇಳುವವನು ಫೌಲರ್. ಯುದ್ಧವಿರೋಧಿಯಾದ, ವಸಾಹತುಶಾಹಿಯನ್ನು ಕಂಡರಾಗದ ಲೇಖಕನ ಕೃತಿಯಲ್ಲೂ ಆ ನೆಲ ಪಾಶ್ಚಾತ್ಯರ ಅಂತಃಸಾಕ್ಷಿಯನ್ನು ಪರೀಕ್ಷೆಗೆ ಒಡ್ಡುವ ಜಾಗ ಮಾತ್ರ. ಮುಂದಿನ ಮೂವತ್ತು ವರ್ಷ ಬಂದ ಕಥೆಗಳಲ್ಲಿ ಹೆಚ್ಚಿನವು ಇದೇ ದಾರಿ ಹಿಡಿದವು. ನನ್ನ ದೂರು ಇರುವುದು ಇಲ್ಲಿ.

ಸೋತ ಪ್ರಚಾರಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾನ್ ವೇಯ್ನ್ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಪತ್ರ ಬರೆದು, ಸೇನೆಯ ನೆರವು ಪಡೆದು ಮಾಡಿದ ‘ದಿ ಗ್ರೀನ್ ಬೆರೆಟ್ಸ್’ 1968ರಲ್ಲಿ ತೆರೆ ಕಂಡಿತು. ಅದರ ಕೊನೆಯಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ವಿಯೆಟ್ನಾಮಿನ ಕರಾವಳಿ ಇರುವುದು ಹೆಚ್ಚುಕಡಿಮೆ ಪೂರ್ವಕ್ಕೆ! ದುಡ್ಡೇನೋ ಮಾಡಿತು, ಆದರೆ ಮನಸ್ಸು ಬದಲಿಸಲಿಲ್ಲ. ಆ ವರ್ಷದ ಆರಂಭದಲ್ಲಿ ಕಮ್ಯುನಿಸ್ಟರು ನಡೆಸಿದ ಟೆಟ್ ದಾಳಿಯನ್ನು ಜನ ಟಿವಿಯಲ್ಲಿ ನೋಡಿಯಾಗಿತ್ತು. ಅದಕ್ಕೆ ಹೋಲಿಸಿದರೆ 1958ರ ‘ದಿ ಅಗ್ಲಿ ಅಮೆರಿಕನ್’ ಕಾದಂಬರಿ ಹೆಚ್ಚು ಕೆಲಸ ಮಾಡಿತು. ಸಾರ್ಖಾನ್ ಎಂಬ ಕಲ್ಪಿತ ದೇಶದಲ್ಲಿ ಅಮೆರಿಕದ ರಾಯಭಾರಿಗಳ ಸೊಕ್ಕನ್ನು ಬಯಲಿಗೆಳೆದ ಪುಸ್ತಕ. ಸೆನೆಟರ್ ಆಗಿದ್ದ ಜಾನ್ ಕೆನಡಿ ಮತ್ತಿತರರು ಎಲ್ಲ ಸೆನೆಟರ್‌ಗಳಿಗೂ ಪ್ರತಿ ಕಳಿಸಿದರು. ಸ್ಥಳೀಯರ ಜತೆ ಬೆರೆಯುವ ಅಮೆರಿಕನ್ನರನ್ನು ಕಳಿಸಿದರೆ ಏಷ್ಯಾ ಕೈತಪ್ಪುವುದಿಲ್ಲ ಎಂಬ ಆ ಕಾಲದ ವಿಶ್ವಾಸದಲ್ಲಿ ಈ ಪುಸ್ತಕದ ಪಾಲು ದೊಡ್ಡದು. ಇದರ ಸಿನಿಮಾದಲ್ಲಿ ಸಾರ್ಖಾನ್‌ನ ಪ್ರಧಾನಿಯಾಗಿ ನಟಿಸಿದ ಥಾಯ್ಲೆಂಡಿನ ಲೇಖಕ ಕುಕ್ರಿತ್ ಪ್ರಮೋಜ್ 1975ರಲ್ಲಿ ನಿಜವಾಗಿಯೇ ಥಾಯ್ಲೆಂಡಿನ ಪ್ರಧಾನಿಯಾದರು. ಇದಕ್ಕೂ ನನ್ನ ವಾದಕ್ಕೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ನಿಜವಾದ ತಿರುವು ಬಂದದ್ದು ಯುದ್ಧ ಮುಗಿದ ಮೇಲೆ, ಅದೂ ದುಃಖದ, ಕಲಾತ್ಮಕವಾದ ಸಿನಿಮಾಗಳಿಂದ. 1968ರ ಫೆಬ್ರವರಿ 1ರಂದು ಎಡ್ಡಿ ಆ್ಯಡಮ್ಸ್ ತೆಗೆದ ಒಂದು ಫೋಟೊ ಜಗತ್ತಿಗೇ ಗೊತ್ತು. ಸೈಗಾನ್‌ನ ಬೀದಿಯಲ್ಲಿ, ಅಮೆರಿಕದ ಮಿತ್ರಪಕ್ಷದ ಪೊಲೀಸ್ ಮುಖ್ಯಸ್ಥ ಕಮ್ಯುನಿಸ್ಟ್ ಗೆರಿಲ್ಲಾ ಪಡೆಯಾದ ವಿಯೆಟ್‌ಕಾಂಗ್‌ನ ಕೈಕಟ್ಟಿದ ಕೈದಿಯ ತಲೆಗೆ ಪಿಸ್ತೂಲು ಗುರಿಯಿಟ್ಟು ಗುಂಡು ಹಾರಿಸುತ್ತಾನೆ. ಹತ್ತು ವರ್ಷದ ಮೇಲೆ ಬಂದ ‘ದಿ ಡಿಯರ್ ಹಂಟರ್’ ಚಿತ್ರದಲ್ಲೂ ತಲೆಗೆ ಒತ್ತಿದ ಪಿಸ್ತೂಲು ಇದೆ. ಆದರೆ ಈಗ ತಲೆ ಅಮೆರಿಕದ ಕೈದಿಯದು. ಒಂದೇ ಗುಂಡು ತುಂಬಿದ ಪಿಸ್ತೂಲನ್ನು ತಲೆಗೆ ಒಡ್ಡಿಕೊಳ್ಳುವ ಸಾವಿನ ಜೂಜಾಟವನ್ನು ಅವರಿಂದ ಆಡಿಸಿ ಬಾಜಿ ಕಟ್ಟುವವರು ವಿಯೆಟ್ನಾಮಿನವರು. ಹಾಗೊಂದು ಆಟವನ್ನು ಕೈದಿಗಳಿಂದ ಆಡಿಸಿದ್ದಕ್ಕೆ ಪುರಾವೆಯೇ ಇಲ್ಲ ಎಂದು ಆ ಯುದ್ಧವನ್ನು ವರದಿ ಮಾಡಿದ್ದ ಪೀಟರ್ ಅರ್ನೆಟ್ ಆಗಲೇ ಬರೆದರು. ಬರ್ಲಿನ್ ಚಿತ್ರೋತ್ಸವದಲ್ಲಿ ಸೋವಿಯತ್ ನಿಯೋಗ ಎದ್ದು ಹೊರನಡೆಯಿತು. ಚಿತ್ರಕ್ಕೆ ಮಾತ್ರ ಆಸ್ಕರ್ ಬಂತು. ಪ್ರಸಿದ್ಧ ಚಿತ್ರವೊಂದರಲ್ಲಿ ಕೊಂದವರು ಮತ್ತು ಸತ್ತವರು ಹೀಗೆ ಜಾಗ ಬದಲಿಸಿಕೊಂಡದ್ದನ್ನು ಮೊದಲು ಎತ್ತಿ ತೋರಿಸಿದವರಲ್ಲಿ ವಿದ್ವಾಂಸ ಎಚ್. ಬ್ರೂಸ್ ಫ್ರಾಂಕ್ಲಿನ್ ಒಬ್ಬರು. ‘ನಾವು ಅಲ್ಲಿ ಏನು ಮಾಡಿದೆವು’ ಎಂಬ ಪ್ರಶ್ನೆ ‘ಅಲ್ಲಿ ನಮ್ಮ ಹುಡುಗರಿಗೆ ಏನಾಯಿತು’ ಎಂದು ಬದಲಾಗಿತ್ತು. ಎರಡನೆಯದೂ ಕೇಳಬೇಕಾದ ಪ್ರಶ್ನೆಯೇ, ಸತ್ತ 58 ಸಾವಿರ ಅಮೆರಿಕನ್ನರ ಮನೆಗಳಿಗೆ ಅದು ಬಿಟ್ಟರೆ ಬೇರೆ ಪ್ರಶ್ನೆ ಇರಲು ಸಾಧ್ಯವಿಲ್ಲ. ತೊಂದರೆ ಏನೆಂದರೆ, ಅದು ಮೊದಲನೆಯ ಪ್ರಶ್ನೆಯನ್ನು ನುಂಗಿಬಿಟ್ಟಿತು.

ಇದರ ರಾಜಕೀಯ ಫಲ ಕಾಣೆಯಾದವರ ವಿಷಯದಲ್ಲಿ ಕಣ್ಣಿಗೆ ಹೊಡೆಯುವಂತಿದೆ. 1973ರ ಪ್ಯಾರಿಸ್ ಒಪ್ಪಂದದ ನಂತರ 591 ಅಮೆರಿಕನ್ ಕೈದಿಗಳು ಮನೆಗೆ ಮರಳಿದರು. ಇನ್ನೂ ಸುಮಾರು 2,600 ಜನರ ಲೆಕ್ಕ ಸಿಗಲಿಲ್ಲ. ಇವರಲ್ಲಿ ಎಷ್ಟೋ ಮಂದಿ ವಿಮಾನ ಉರುಳಿ ಸತ್ತವರು, ಶವ ದೊರೆಯದವರು. ಆದರೆ ಅವರಲ್ಲಿ ಕೆಲವರನ್ನು ಹನೋಯ್ ಗುಟ್ಟಾಗಿ ಕೂಡಿ ಹಾಕಿದೆ ಎಂಬ ನಂಬಿಕೆ ಬೆಳೆಯಿತು, ಹಾಲಿವುಡ್ ಅದಕ್ಕೆ ನೀರೆರೆಯಿತು. 1983ರಲ್ಲಿ ‘ಅನ್‌ಕಾಮನ್ ವ್ಯಾಲರ್’, 1984ರಲ್ಲಿ ಚಕ್ ನಾರಿಸ್‌ನ ‘ಮಿಸ್ಸಿಂಗ್ ಇನ್ ಆ್ಯಕ್ಷನ್’, 1985ರಲ್ಲಿ ರ‍್ಯಾಂಬೊ ಎರಡನೆಯ ಭಾಗ. ಮೂರರಲ್ಲೂ ಕಥೆ ಒಂದೇ: ಸರ್ಕಾರ ಕೈಬಿಟ್ಟ ಕೈದಿಗಳನ್ನು ಬಿಡಿಸಲು ಕಾಡಿಗೆ ಮರಳುವ ವೀರ. ಅದೇ ವರ್ಷ ಅಧ್ಯಕ್ಷ ರೇಗನ್, ಬೇರೊಂದು ಒತ್ತೆಯಾಳು ಪ್ರಕರಣ ಮುಗಿದ ಸಂದರ್ಭದಲ್ಲಿ ಭಾಷಣಕ್ಕೆ ಮುನ್ನ ಮೈಕ್ ಪರೀಕ್ಷಿಸುತ್ತ, ರ‍್ಯಾಂಬೊ ನೋಡಿದ ಮೇಲೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯಿತು ಎಂಬರ್ಥದ ಚಟಾಕಿ ಹಾರಿಸಿದರು. ಕಾಣೆಯಾದವರ ಕಪ್ಪು ಬಾವುಟ ಶ್ವೇತಭವನದ ಮೇಲೂ ಹಾರಿತು. ವಿಯೆಟ್ನಾಂ ಮೇಲೆ ಹೇರಿದ್ದ ವ್ಯಾಪಾರ ನಿರ್ಬಂಧ ತೆಗೆಯುವ ಮಾತು ಬಂದಾಗಲೆಲ್ಲ ‘ಮೊದಲು ನಮ್ಮವರ ಲೆಕ್ಕ ಕೊಡಿ’ ಎಂಬ ಕೂಗು. ಜಾನ್ ಕೆರಿ ಅಧ್ಯಕ್ಷತೆಯ ಸೆನೆಟ್ ಸಮಿತಿ 1991ರಿಂದ 1993ರವರೆಗೆ ದಾಖಲೆಗಳನ್ನು ಜಾಲಾಡಿ, ಅಲ್ಲಿ ಇನ್ನೂ ಅಮೆರಿಕನ್ ಕೈದಿಗಳು ಜೀವಂತ ಇದ್ದಾರೆಂದು ನಂಬಲು ಬಲವಾದ ಪುರಾವೆಯಿಲ್ಲ ಎಂದು ವರದಿ ಕೊಟ್ಟಿತು. ನಿರ್ಬಂಧ ತೆರವಾದದ್ದು 1994ರ ಫೆಬ್ರವರಿಯಲ್ಲಿ, ರಾಜತಾಂತ್ರಿಕ ಸಂಬಂಧ 1995ರಲ್ಲಿ. ಇಪ್ಪತ್ತು ವರ್ಷ ಹಿಡಿದದ್ದಕ್ಕೆ ಸಿನಿಮಾವೊಂದೇ ಕಾರಣ ಎಂದರೆ ಉತ್ಪ್ರೇಕ್ಷೆ. ಕಾಂಬೋಡಿಯಾದಲ್ಲಿ ವಿಯೆಟ್ನಾಂ ಸೇನೆ ಇತ್ತು, ಶೀತಲ ಸಮರ ಇತ್ತು. ಆದರೆ ಜನಾಭಿಪ್ರಾಯ ಕದಲದಂತೆ ಹಿಡಿದಿಟ್ಟದ್ದರಲ್ಲಿ ಈ ಕಥೆಗಳ ಕೈ ಇದೆ.

ವಿಯೆಟ್ನಾಮಿನ ಕಡೆ ಕಾಣೆಯಾದವರು ಸುಮಾರು 3 ಲಕ್ಷ. ಈ ಸಂಖ್ಯೆಗೆ ಒಂದು ರ‍್ಯಾಂಬೊ ಇಲ್ಲ, ಒಬ್ಬ ಕಿಯೆನ್ ಇದ್ದಾನೆ. ಬಾವೊ ನಿನ್ ಬರೆದ ‘ದಿ ಸಾರೊ ಆಫ್ ವಾರ್’ ಕಾದಂಬರಿಯ ನಾಯಕ. ಯುದ್ಧ ಮುಗಿದ ಮೇಲೆ ಲಾರಿಯಲ್ಲಿ ಕಾಡು ಸುತ್ತಿ ತನ್ನವರ ಮೂಳೆ ಆಯುವ ತಂಡದಲ್ಲಿ ಅವನಿಗೆ ಕೆಲಸ. ಬಾವೊ ನಿನ್ ಸ್ವತಃ ಉತ್ತರ ವಿಯೆಟ್ನಾಮಿನ ಪರ ಹೋರಾಡಿದವರು, ಅವರ ದಳದಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು. 1990ರ ಸುಮಾರಿಗೆ ಹನೋಯ್‌ನಲ್ಲಿ ಅಚ್ಚಾದ ಈ ಪುಸ್ತಕಕ್ಕೆ ಅಲ್ಲಿನ ಲೇಖಕರ ಸಂಘದ ಪ್ರಶಸ್ತಿಯೂ ಬಂತು, ಬೈಗುಳವೂ ಬಂತು. ವೀರಗಾಥೆಯನ್ನೇ ಬಯಸಿದ್ದ ವ್ಯವಸ್ಥೆಗೆ, ಗೆದ್ದ ಸೈನಿಕನೊಬ್ಬ ಕುಡಿದು, ಭೂತಗಳ ಜತೆ ಮಾತಾಡುತ್ತ, ಬರೆದದ್ದನ್ನು ಸುಡಲು ಹೊರಡುವುದು ಸಹ್ಯವಾಗಲಿಲ್ಲ. ಇಂಗ್ಲಿಷಿಗೆ ಬಂದ ಮೇಲೆ ಈ ಕಾದಂಬರಿ ಅಮೆರಿಕದ ಓದುಗರಿಗೆ ಒಂದು ಸರಳ ಸಂಗತಿ ತಿಳಿಸಿತು: ಅಮೆರಿಕನ್ ಸಿನಿಮಾದಲ್ಲಿ ಮರಗಳ ನಡುವೆ ಸರಿದು ಮರೆಯಾಗುತ್ತಿದ್ದ ಆಕೃತಿಗೂ ಹನೋಯ್‌ನಲ್ಲಿ ಒಂದು ಶಾಲೆ, ಒಂದು ಕೆರೆ, ಒಬ್ಬ ಪ್ರೇಯಸಿ ಇದ್ದಳು. ಕಾದಂಬರಿಯಲ್ಲಿ ಅಮೆರಿಕನ್ನರು ಕಾಣಿಸುವುದೇ ಅಪರೂಪ. ಹೆಚ್ಚಾಗಿ ಅವರು ಮೇಲಿಂದ ಬೀಳುವ ಬಾಂಬು.

ಅಮೆರಿಕದ ಪರ ಹೋರಾಡಿ ಸೋತ ದಕ್ಷಿಣ ವಿಯೆಟ್ನಾಮಿನವರು ಹಾಲಿವುಡ್ಡಿಗೂ ಬೇಡವಾದರು, ಹನೋಯ್‌ಗೂ ಬೇಡವಾದರು. ಅವರ ಕಡೆಯಿಂದ ಬಂದವರು ವಿಯೆಟ್ ಥಾನ್ ನುಯೆನ್. 1975ರಲ್ಲಿ ನಾಲ್ಕು ವರ್ಷದ ಮಗುವಾಗಿ ನಿರಾಶ್ರಿತರ ಜತೆ ಅಮೆರಿಕ ಸೇರಿದರು. 2016ರಲ್ಲಿ ಪುಲಿಟ್ಜರ್ ಪಡೆದ ಅವರ ‘ದಿ ಸಿಂಪಥೈಸರ್’ ಕಾದಂಬರಿಯಲ್ಲಿ ಒಂದು ದೀರ್ಘ ಪ್ರಸಂಗವಿದೆ. ವಿಯೆಟ್ನಾಂ ಯುದ್ಧದ ಕುರಿತು ಹಾಲಿವುಡ್ಡಿನವರು ಫಿಲಿಪೀನ್ಸ್‌ನಲ್ಲಿ ಸಿನಿಮಾ ಮಾಡುತ್ತಿದ್ದಾರೆ. ಸಲಹೆಗಾರನಾಗಿ ಹೋದ ನಾಯಕ, ವಿಯೆಟ್ನಾಮಿನ ಪಾತ್ರಗಳಿಗೆ ಎರಡಾದರೂ ಮಾತು ಕೊಡಿ ಎಂದು ಹೆಣಗುತ್ತಾನೆ. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಮೇಲಿನ ಗೇಲಿ ಇದು. ಆ ಚಿತ್ರ ಫಿಲಿಪೀನ್ಸ್‌ನಲ್ಲೇ ತಯಾರಾದದ್ದು. ಸರ್ವಾಧಿಕಾರಿ ಮಾರ್ಕೋಸ್‌ನ ಸೇನೆ ಬಾಡಿಗೆಗೆ ಕೊಟ್ಟ ಹೆಲಿಕಾಪ್ಟರುಗಳನ್ನು ನಡುನಡುವೆ ನಿಜವಾದ ಬಂಡಾಯಗಾರರ ಮೇಲೆ ಯುದ್ಧಕ್ಕೆ ವಾಪಸು ಕರೆಸಿಕೊಳ್ಳುತ್ತಿದ್ದರಂತೆ. ಅಮೆರಿಕ ಸಾಮ್ರಾಜ್ಯದ ಹುಚ್ಚನ್ನು ತೋರಿಸಲು ಹೊರಟ ಚಿತ್ರದ ಸೆಟ್ಟಿನಲ್ಲೇ ಇದು!

ಕಾದಂಬರಿಕಾರ ಎಲ್ಲರ ಪರವಾಗಿ ಬರೆಯಬೇಕೇ, ಅದೇನು ವಿಶ್ವಸಂಸ್ಥೆಯ ವರದಿಯೇ ಎಂದು ಕೇಳಬಹುದು. ಒಪ್ಪುತ್ತೇನೆ. ಗ್ರೀನ್ ಫುವಾಂಗ್‌ಳ ತಲೆಯೊಳಗೆ ಹೊಕ್ಕಿದ್ದರೆ ಬಹುಶಃ ಕೆಟ್ಟದಾಗಿ ಬರೆಯುತ್ತಿದ್ದರು, ತಿಳಿಯದ್ದನ್ನು ತಿಳಿಯದು ಎಂದು ಬಿಟ್ಟದ್ದೇ ಪ್ರಾಮಾಣಿಕತೆ. ಒಂದು ಪುಸ್ತಕದ ಮೇಲೆ ನನಗೆ ತಕರಾರಿಲ್ಲ. ಒಂದೇ ಕಡೆಯ ಪುಸ್ತಕಗಳು, ಒಂದೇ ಕಡೆಯ ಸಿನಿಮಾಗಳು ಮೂವತ್ತು ವರ್ಷ ಒಂದರ ಮೇಲೊಂದು ಬಿದ್ದಾಗ ಅದು ಅಭಿರುಚಿಯ ವಿಷಯವಾಗಿ ಉಳಿಯುವುದಿಲ್ಲ, ವಿದೇಶಾಂಗ ನೀತಿಯ ವಿಷಯವಾಗುತ್ತದೆ.

ಅಮೆರಿಕದವರನ್ನು ಅಂದು ಸುಮ್ಮನಾಗುವುದು ಸುಲಭ. ನಾವು ಭಾರತೀಯರು ಪರದೇಶದ ಯುದ್ಧಗಳ ಬಗ್ಗೆ ಮಾಡಿದ ಜನಪ್ರಿಯ ಸಿನಿಮಾಗಳು ಯಾವುವು? 1990ರ ಕುವೈತ್ ಬಗ್ಗೆ ‘ಏರ್‌ಲಿಫ್ಟ್’, 2014ರ ಇರಾಕ್ ಬಗ್ಗೆ ಮಲಯಾಳದ ‘ಟೇಕ್ ಆಫ್’, ಅದೇ ಘಟನೆಯಿಂದ ಹುಟ್ಟಿದ ಹಿಂದಿಯ ‘ಟೈಗರ್ ಜಿಂದಾ ಹೈ’. ಮೂರೂ ಸಿಕ್ಕಿಬಿದ್ದ ನಮ್ಮವರನ್ನು ಬಿಡಿಸಿ ತರುವ ಕಥೆಗಳು. ‘ಟೇಕ್ ಆಫ್’ ಒಳ್ಳೆಯ ಸಿನಿಮಾ. ‘ಏರ್‌ಲಿಫ್ಟ್’ನಲ್ಲಿ ಅಧಿಕಾರಿಗಳನ್ನು ನಿಷ್ಕ್ರಿಯರಂತೆ ತೋರಿಸಿದ್ದಕ್ಕೆ ಆ ಕಾಲದಲ್ಲಿ ಕೆಲಸ ಮಾಡಿದ ರಾಜತಾಂತ್ರಿಕರು ಬೇಸರಪಟ್ಟರು. ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತಂದದ್ದು ಸಣ್ಣ ಸಾಧನೆಯಲ್ಲ. ಮಂಗಳೂರು-ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಆ ನೆನಪು ಇನ್ನೂ ಹಸಿ. ಆದರೆ ಈ ಸಿನಿಮಾಗಳನ್ನು ನೋಡಿ ಎದ್ದವರಿಗೆ ಇರಾಕಿನ ಒಬ್ಬ ಶಾಲಾ ಮಾಸ್ತರನೋ ಕುವೈತಿನ ಒಬ್ಬ ತಾಯಿಯೋ ಎಷ್ಟು ಹೊತ್ತು ನೆನಪಿನಲ್ಲಿ ಉಳಿದಾರು? ವಿಮಾನ ಮೇಲೇರಿದ ಕೂಡಲೇ ನಮ್ಮ ಮಟ್ಟಿಗೆ ಯುದ್ಧ ಮುಗಿದಿರುತ್ತದೆ.

ಸುದ್ದಿಯೂ ಇದೇ ಅಚ್ಚಿನಲ್ಲಿ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾದಾಟ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ವಿಧಾನಸಭಾ ಚುನಾವಣೆಯ ಹೊತ್ತು ಬೇರೆ. ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ಜಟಾಪಟಿಯೇ ನಡೆಯಿತು. ಅಲ್ ಫಶೀರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ‘ಆಪರೇಷನ್ ಕಾವೇರಿ’ಯಲ್ಲಿ 3 ಸಾವಿರಕ್ಕೂ ಹೆಚ್ಚು ಭಾರತೀಯರು, ಅವರೊಂದಿಗೆ ಹಕ್ಕಿಪಿಕ್ಕಿಗಳೂ, ಸುರಕ್ಷಿತವಾಗಿ ಮರಳಿದರು. ಸುಡಾನ್ ನಮ್ಮ ಪತ್ರಿಕೆಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಯುದ್ಧ ಮಾಯವಾಗಲಿಲ್ಲ, 1 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ದೀರ್ಘ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಅದೇ ಅಲ್ ಫಶೀರ್ ಅರೆಸೇನಾ ಪಡೆಯ ಕೈಗೆ ಬಿದ್ದು ಸಾಮೂಹಿಕ ಕೊಲೆಗಳು ನಡೆದಾಗ, ಇದು ನಾವು ಕೇಳಿದ್ದ ಊರು ಎಂದು ನೆನಪಾದವರು ಎಷ್ಟು ಜನವೋ.

ಆ ಊರು ಇರುವುದು ದಾರ್ಫುರ್ ಪ್ರಾಂತ್ಯದಲ್ಲಿ. ದಾರ್ಫುರ್ ಬಗ್ಗೆ ಸುಡಾನ್‌ನವರೇ ಆದ ಅಬ್ದುಲ್ ಅಜೀಜ್ ಬರಕಾ ಸಾಕಿನ್ ಅರಬ್ಬಿಯಲ್ಲಿ ಕಾದಂಬರಿ ಬರೆದಿದ್ದಾರೆ; ಅವರ ಪುಸ್ತಕಗಳಿಗೆ ಅವರ ದೇಶದಲ್ಲೇ ನಿಷೇಧ ಬಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಅರಬ್ಬಿ ಬಲ್ಲ ಕನ್ನಡಿಗರು ನಮ್ಮಲ್ಲಿ, ಮುಖ್ಯವಾಗಿ ಕರಾವಳಿಯಲ್ಲಿ, ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಅನುವಾದಕ್ಕೆ ಎತ್ತಿಕೊಂಡರೆ ಮುನ್ನುಡಿಗೆ ಬೇಕಾದ ಓಡಾಟ ನಾನು ಮಾಡುತ್ತೇನೆ.